ರಾತ್ರಿ ಹನ್ನೆರಡರ ಫೋನು

ನನ್ನದೇ ಒಂದು ತಪ್ಪನ್ನು ಇಂದು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ.

ಬೆಳಿಗ್ಗೆ 7ಕ್ಕೆ ಮದ್ರಸ, ನಂತರ ಶಾಲೆ, ಸಂಜೆ ಟ್ಯೂಷನ್. ಕರಾವಳಿಯ ನಮ್ಮ ಮಕ್ಕಳ ದಿನಚರಿ ನಿಮಗೆ ಗೊತ್ತಿರುವುದೇ. ನನ್ನ ಮೂರನೇ ತರಗತಿಯ ಹುಡುಗನೊಬ್ಬ ದಿನವೂ ಕಿತಾಬಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದ. ಮೊದಲು ಗದರಿದೆ. ನಂತರ ಎಲ್ಲರೆದುರು ನಿಲ್ಲಿಸಿದೆ. ಇಪ್ಪತ್ತು ವರ್ಷ ಪಾಠ ಮಾಡಿದವಳೆಂಬ ಅಹಂ ಬೇರೆ! ಒಂದು ದಿನ ನಿಂತಲ್ಲೇ ತೂಕಡಿಸಿ ಬಿದ್ದ. ಹತ್ತಿರ ಕೂರಿಸಿ ಕೇಳಿದಾಗ ವಿಷಯ ತಿಳಿಯಿತು. ತಂದೆ ಸೌದಿಯಲ್ಲಿ ಡ್ಯೂಟಿ ಮುಗಿಸಿ ಕೋಣೆಗೆ ಬಂದು ಫೋನು ಮಾಡುವುದು ರಾತ್ರಿ ಒಂಬತ್ತೂವರೆಗೆ. ಅಲ್ಲಿ ಒಂಬತ್ತೂವರೆಯೆಂದರೆ ಇಲ್ಲಿ ಹನ್ನೆರಡು. "ಮಲಗಿಸಿದರೆ ಅಳುತ್ತಾನೆ ಟೀಚರ್" ಎಂದರು ಅವನ ಉಮ್ಮ.

ನಮಾಝ್‌ನಲ್ಲಿ ಮಗುವಿನ ಅಳು ಕೇಳಿದರೆ ಪ್ರವಾದಿ(ಸ)ಯವರು ನಮಾಝನ್ನು ಬೇಗ ಮುಗಿಸುತ್ತಿದ್ದರೆಂದು ಇದೇ ಮಕ್ಕಳಿಗೆ ಪಾಠ ಹೇಳಿದವಳು ನಾನು.

ಹಿಂದೊಮ್ಮೆ ಓದಿದ್ದ ಯುನಿಸೆಫ್‌ನ 2020ರ ವರದಿ ಆ ರಾತ್ರಿ ನೆನಪಾಯಿತು. ಶ್ರೀಮಂತ ದೇಶಗಳ ಮಕ್ಕಳ ಸ್ಥಿತಿಯನ್ನು ಅದು ಹೋಲಿಸಿ ನೋಡಿದೆ. ದೈಹಿಕ ಆರೋಗ್ಯದಲ್ಲಿ ಜಪಾನಿಗೆ ಮೊದಲ ಸ್ಥಾನ. ಮನಸ್ಸಿನ ನೆಮ್ಮದಿಯಲ್ಲೋ, 38 ದೇಶಗಳಲ್ಲಿ 37ನೆಯದು! ಅಲ್ಲಿ ಶಾಲೆಯೂ ಊರೂ ಮಕ್ಕಳನ್ನು ಕೈಬಿಟ್ಟಿವೆಯೆಂದಲ್ಲ. ಮಕ್ಕಳೇ ತರಗತಿ ಗುಡಿಸುತ್ತಾರೆ, ಒಬ್ಬರಿಗೊಬ್ಬರು ಊಟ ಬಡಿಸುತ್ತಾರೆ. ಚಿಕ್ಕವರು ನಡೆದು ಶಾಲೆಗೆ ಹೋಗುವಾಗ ರಸ್ತೆಯ ತಿರುವಿನಲ್ಲಿ ಊರಿನ ಹಿರಿಯರು ನಿಂತು ನೋಡಿಕೊಳ್ಳುತ್ತಾರೆ. ಆದರೆ ಎಷ್ಟೋ ತಂದೆಯಂದಿರು ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿಯಾಗಿರುತ್ತದೆ. ಟ್ಯೂಷನ್ನಿಗೆ ಹೋದ ಮಕ್ಕಳೂ ಕತ್ತಲಾದ ಮೇಲೆಯೇ ಮರಳುತ್ತಾರೆ. ಅದೇ ವರದಿಯಲ್ಲಿ ಒಟ್ಟಾರೆ ಮೊದಲ ಸ್ಥಾನ ನೆದರ್‌ಲ್ಯಾಂಡ್ಸ್‌ಗೆ. 2007ರ ವರದಿಯಲ್ಲೂ ಅದಕ್ಕೇ. ಅಲ್ಲಿ ದುಡಿಯುವ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರದ್ದು ಅರೆಕಾಲಿಕ ಕೆಲಸ. ವಾರದಲ್ಲಿ ಒಂದು ದಿನ ಮಕ್ಕಳಿಗಾಗಿ ಮನೆಯಲ್ಲುಳಿಯುವ ತಂದೆಯರೂ ಇದ್ದಾರೆ. ಇದೊಂದೇ ಕಾರಣವೆಂದು ನಾನು ಹೇಳಲಾರೆ, ಅದು ಶ್ರೀಮಂತ ದೇಶ. ಆದರೆ ಜಪಾನೂ ಶ್ರೀಮಂತವೇ ಅಲ್ಲವೇ?

ಗಲ್ಫಿಗೆ ಹೋದ ತಂದೆಯನ್ನು ವಾಪಸು ಕರೆಸಲು ಯಾವ ಟೀಚರಿಂದಲೂ ಆಗದು. ಮನೆ ಕಟ್ಟಿದ ಸಾಲ, ತಂಗಿಯರ ಮದುವೆ... ನಿಮಗೆ ನಾನು ಹೇಳಬೇಕೇ? ಆದರೆ ಫೋನಿನ ಹೊತ್ತು ಬದಲಿಸಬಹುದಿತ್ತು. ಮದ್ರಸ ಬಿಡುವ 8.15ಕ್ಕೆ ನನ್ನ ಮೊಬೈಲಿಗೇ ಫೋನು ಮಾಡಲು ಅವನ ತಂದೆಗೆ ಹೇಳಿದೆ. ಅಲ್ಲಿ ಆಗ 5.45, ಅವರು ಕಂಪೆನಿಯ ಬಸ್ಸಿಗೆ ಕಾಯುತ್ತಿರುತ್ತಾರೆ. "ಮದ್ರಸದಲ್ಲಿ ಫೋನೇ?" ಎಂದು ಕಮಿಟಿಯವರು ಹುಬ್ಬೇರಿಸಿದರು, ಆಮೇಲೆ ಒಪ್ಪಿದರು. ಗುರುವಾರ ಮಾತ್ರ ರಾತ್ರಿ ಹನ್ನೆರಡರ ಮಾತು. ಶುಕ್ರವಾರ ಮದ್ರಸಕ್ಕೆ ರಜೆಯಲ್ಲವೇ!

ಈಗ ಹುಡುಗ ಎಚ್ಚರವಾಗಿ ಕೂರುತ್ತಾನೆ. ಪಾಠದಲ್ಲಿ ಮುಂದೆ ಬಂದನೇ ಎಂದು ಕೇಳಬೇಡಿ, ಇನ್ನೂ ಇಲ್ಲ. ಫೋನು ಬಂದರೆ ಉಳಿದ ಮಕ್ಕಳೂ ಸುತ್ತ ಸೇರಿ ಸಲಾಮ್ ಹೇಳುತ್ತಾರೆ. ಒಬ್ಬಳು ಹುಡುಗಿ ಮಾತ್ರ ಚೀಲ ಹಿಡಿದು ಬಾಗಿಲ ಬಳಿ ನಿಂತಿರುತ್ತಾಳೆ. ಅವಳ ತಂದೆಯ ಫೋನು ಬಾರದೆ ವರ್ಷವಾಯಿತಂತೆ. ನಾಳೆ ಸಂಜೆ ಅವರ ಮನೆಗೆ ಹೋಗಬೇಕೆಂದಿದ್ದೇನೆ.