ಕೆಂಚನ ಹಿಂದೆ ಕ್ಯಾಮೆರಾ

ನಮ್ಮ ಮನೆಯ ಬೆಕ್ಕಿಗೆ ಕೆಂಚ ಎಂದು ಹೆಸರಿಟ್ಟವಳು ಮಗಳು. ಮೈಸೂರಿನ ನಮ್ಮ ಬೀದಿಯಲ್ಲಿ ಅವನು ಹತ್ತದ ತಾರಸಿಯಿಲ್ಲ, ಕೂರದ ಸಿಂಟೆಕ್ಸ್ ಟ್ಯಾಂಕಿಲ್ಲ. ಪಕ್ಕದ ಮನೆಯ ಸಪೋಟ ಮರದ ತುದಿಗೇರಿ, ಇಳಿಯಲು ಬಾರದೆ ಅರಚಿ, ಬೀದಿಯವರೆಲ್ಲ ತಲೆಯೆತ್ತಿ ಸಲಹೆ ಕೊಡುವಂತೆ ಮಾಡುವುದು ಅವನ ಹವ್ಯಾಸ. ಬೆಕ್ಕಿನ ಉಗುರು ಕೊಕ್ಕೆಯಂತೆ ಬಾಗಿರುವುದರಿಂದ ಏರುವಾಗ ಕಚ್ಚಿ ಹಿಡಿಯುತ್ತದೆ, ತಲೆ ಕೆಳಗೆ ಮಾಡಿ ಇಳಿಯಹೊರಟರೆ ಜಾರುತ್ತದೆ. ಹಿಂದೆ ಹಿಂದೆ ಸರಿಯುತ್ತಲೇ ಇಳಿಯಬೇಕು. ಅಷ್ಟು ಜನರೆದುರು ಹಿಮ್ಮುಖವಾಗಿ ಇಳಿಯುವುದು ಕೆಂಚನ ಘನತೆಗೆ ಒಪ್ಪುವುದಿಲ್ಲ.

ಮಗಳು ಓದಲು ಪುಣೆಗೆ ಹೋಗುವ ಮುನ್ನ ಇವನಿಗಾಗಿ ಯೂಟ್ಯೂಬಿನಲ್ಲೊಂದು ಚಾನೆಲ್ ತೆರೆದು, ನನ್ನನ್ನು ಛಾಯಾಗ್ರಾಹಕನ ಹುದ್ದೆಗೆ ನೇಮಿಸಿ ಹೋದಳು. ಸಂಬಳವಿಲ್ಲ, ರಜೆಯಿಲ್ಲ. ಸಂಜೆ ಫೋನಿನಲ್ಲಿ ಅವಳ ಮೊದಲ ಮಾತೇ "ಅಪ್ಪಾ, ಇವತ್ತಿನ ಕೆಂಚ ಎಲ್ಲಿ?" ಎಂದು. ನನ್ನ ಬಿಪಿಯ ವಿಚಾರ ಆಮೇಲೆ, ಸಮಯವಿದ್ದರೆ. ತೀರ್ಥಹಳ್ಳಿ ಕಡೆಯ ನನ್ನ ಸೋದರತ್ತೆಗೆ ಇದು ಮೊದಮೊದಲು ಅರ್ಥವೇ ಆಗಲಿಲ್ಲ. "ಬೆಕ್ಕಿನ ಫೋಟೊ ತೆಗೆಯಕ್ಕೆ ಅದೆಂತ ಮದುವೆ ಗಂಡಾ ಮಾರಾಯ?" ಎಂದಿದ್ದರು. ಅವರ ಮನೆಯಲ್ಲಿ ಬೆಕ್ಕೆಂದರೆ ಅಟ್ಟದ ಇಲಿಗಳ ಮೇಲ್ವಿಚಾರಕ. ಊಟದ ಹೊತ್ತಿಗೆ ಒಂದು ತುತ್ತು ಹಾಲನ್ನ, ಮಿಕ್ಕಂತೆ ಅದರ ಪಾಡಿಗೆ ಅದು. ಹೆಸರಿಡುವ ಪದ್ಧತಿಯೂ ಇರಲಿಲ್ಲ.

ಬೆಕ್ಕಿನ ವಿಡಿಯೊ ಮೊಬೈಲ್ ಕಾಲದ ಹುಚ್ಚೆಂದು ಅತ್ತೆಯಂತೆ ನಾನೂ ತಿಳಿದಿದ್ದೆ. ಆದರೆ ಚಲಿಸುವ ಚಿತ್ರ ಹುಟ್ಟಿ ಕಣ್ಣು ಬಿಡುವ ಹೊತ್ತಿಗೇ ಬೆಕ್ಕು ಬಂದು ಅದರ ಮುಂದೆ ಕೂತಾಗಿತ್ತು. ನ್ಯೂಜೆರ್ಸಿಯ ವೆಸ್ಟ್ ಆರೆಂಜಿನಲ್ಲಿ ಥಾಮಸ್ ಎಡಿಸನ್ನನದೊಂದು ಸ್ಟುಡಿಯೊ ಇತ್ತು. ಕಪ್ಪು ಡಬ್ಬಿಯಂಥ ಕಟ್ಟಡ. ಬೆಳಕು ಬೀಳಲು ಚಾವಣಿ ತೆರೆದುಕೊಳ್ಳುತ್ತಿತ್ತು, ಸೂರ್ಯ ಸರಿದಂತೆ ಇಡೀ ಕಟ್ಟಡವನ್ನೇ ತಿರುಗಿಸಬಹುದಿತ್ತು. 1894ರಲ್ಲಿ ಅಲ್ಲಿ ಎರಡು ಬೆಕ್ಕುಗಳಿಗೆ ಪುಟ್ಟ ಕೈಗವಸು ತೊಡಿಸಿ, ಪುಟ್ಟ ಅಖಾಡದಲ್ಲಿ ನಿಲ್ಲಿಸಿ ಬಾಕ್ಸಿಂಗ್ ಆಡಿಸಿದರು. ಅವು ವೆಲ್ಟನ್ ಎಂಬಾತನ ಬೆಕ್ಕಿನ ಸರ್ಕಸ್ಸಿನವು. ಆತ ಹಿಂದೆಯೇ ನಿಂತಿರುವುದು ಚಿತ್ರದಲ್ಲಿ ಕಾಣುತ್ತದೆ. ಅರ್ಧ ನಿಮಿಷವೂ ಇಲ್ಲದ ಈ ಚಿತ್ರ ಈಗಲೂ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಆಗ ಪರದೆಯ ಮೇಲೆ ಬಿಡುವ ವ್ಯವಸ್ಥೆ ಬಂದಿರಲಿಲ್ಲ. ಕಿನೆಟೊಸ್ಕೋಪ್ ಎಂಬ ಪೆಟ್ಟಿಗೆಯ ಕಿಂಡಿಗೆ ಕಣ್ಣಿಟ್ಟು, ಸಲಕ್ಕೊಬ್ಬರಂತೆ, ಕತ್ತು ಬಗ್ಗಿಸಿ ನೋಡಬೇಕಿತ್ತು. ಸಿಟಿ ಬಸ್ಸಿನಲ್ಲಿ ಇವತ್ತು ಜನ ಕೂತಿರುವ ಭಂಗಿಯೂ ಅದೇ.

ಅದೇ ವರ್ಷ ಫ್ರಾನ್ಸಿನ ಎತಿಯೆನ್ ಜೂಲ್ ಮರೇ ಇನ್ನೊಂದು ಬೆಕ್ಕಿನ ಚಿತ್ರಸರಣಿ ತೆಗೆದ. ಕಾಲು ಮೇಲೆ ಮಾಡಿ ಹಿಡಿದು ಕೈಬಿಟ್ಟ ಬೆಕ್ಕು ನೆಲ ಮುಟ್ಟುವಷ್ಟರಲ್ಲಿ ಹೇಗೆ ಹೊರಳಿಕೊಳ್ಳುತ್ತದೆ ಎಂಬುದು ಅವನ ಪ್ರಶ್ನೆ. ಆಧಾರವಿಲ್ಲದೆ ಗಾಳಿಯಲ್ಲಿ ಮೈ ತಿರುಗಿಸುವುದು ಸಾಧ್ಯವಿಲ್ಲ, ಅದು ಹಿಡಿದವರ ಕೈಯನ್ನೇ ಒದ್ದು ತಿರುಗುತ್ತಿರಬೇಕು ಎಂದು ಪಂಡಿತರು ವಾದಿಸುತ್ತಿದ್ದರು. ಚಿತ್ರಗಳು ಬೇರೆಯೇ ಹೇಳಿದವು: ಬೀಳತೊಡಗಿದಾಗ ಬೆಕ್ಕಿಗೆ ಯಾವ ತಿರುವೂ ಇಲ್ಲ. ಅದು ನಡು ಬಗ್ಗಿಸಿ ಮೈಯನ್ನು ಎರಡು ಭಾಗ ಮಾಡಿಕೊಳ್ಳುತ್ತದೆ. ಮುಂಗಾಲು ಮಡಚಿ, ಹಿಂಗಾಲು ಚಾಚಿ ಮೊದಲು ಮುಂಭಾಗವನ್ನು ತಿರುಗಿಸಿ, ಆಮೇಲೆ ಇದನ್ನೇ ತಿರುಗುಮುರುಗು ಮಾಡಿ ಹಿಂಭಾಗವನ್ನು ಎಳೆದುಕೊಳ್ಳುತ್ತದೆ. ಇದರ ಪೂರ್ಣ ಗಣಿತ ಬರೆಯಲು ವಿಜ್ಞಾನಿಗಳಿಗೆ 1969ರವರೆಗೆ ಕಾಲ ಹಿಡಿಯಿತು.

ಎಡಿಸನ್ನನ ಸ್ಟುಡಿಯೊಗಿಂತ ನನಗೆ ಮರೇಯ ದಾರಿಯೇ ಹಿಡಿಸುತ್ತದೆ. ಬೆಕ್ಕನ್ನು ಆಡಿಸಬಾರದು, ಅದು ಆಡುವುದನ್ನು ನೋಡಬೇಕು. (ಮರೇ ಅದನ್ನು ಬೀಳಿಸಿದ್ದು ಸರಿಯೆಂದು ಹೇಳಲಾರೆ, ಬೆಕ್ಕಿಗೂ ಸರಿಬಂದಿರಲಿಕ್ಕಿಲ್ಲ.) ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಹಿಂದಿನ ಮಾಲೀಕರು ಕಳ್ಳರಿಗೆಂದು ನೆಟ್ಟ ಸೀಸೆ ಚೂರುಗಳಿವೆ. ಕೆಂಚನ ಬೆಳಗಿನ ಗಸ್ತು ಅದರ ಮೇಲೆಯೇ. ಒಮ್ಮೆ ಫೋನನ್ನು ಸ್ಲೋ ಮೋಷನ್ನಿಗೆ ಹಾಕಿ ತೆಗೆದೆ. ಹಸಿರು ಚೂರೊಂದರ ಪಕ್ಕದ ಇಷ್ಟೇ ಇಷ್ಟು ಸಿಮೆಂಟಿನ ಮೇಲೆ ಮುಂಗಾಲು ಊರುತ್ತಾನೆ. ಅದನ್ನು ಎತ್ತುತ್ತಿದ್ದಂತೆ ಅದೇ ಜಾಗಕ್ಕೆ ಹಿಂಗಾಲು ಬಂದು ಕೂರುತ್ತದೆ. ಹಿಂದೆ ತಿರುಗಿ ನೋಡುವುದಿಲ್ಲ; ಮುಂಗಾಲು ಕಂಡ ಜಾಗ ಹಿಂಗಾಲಿಗೂ ನೆನಪಿರುತ್ತದೆ. ಬೆಕ್ಕಿನ ಜಾತಿಯೇ ಹೀಗೆ ನಡೆಯುತ್ತದೆಂದು ಓದಿದ್ದೆ, ಆದರೆ ನಮ್ಮ ಗೋಡೆಯ ಮೇಲೆ ಅದನ್ನು ಕಂಡಾಗ ಕೂತಲ್ಲಿಂದ ಎದ್ದು ನಿಂತೆ. ಚಾನೆಲ್ಲಿನಲ್ಲಿ ಅದನ್ನು ಹೆಚ್ಚು ಜನ ನೋಡಲಿಲ್ಲ. ನೋಡಿದವರಲ್ಲಿ ಅತ್ತೆ ಒಬ್ಬರು. "ಆ ಗಾಜಿನ ಮೇಲೆ ನಡೆದಿದ್ದನ್ನ ಮತ್ತೊಂದ್ಸಲ ಹಾಕು" ಎಂದು ಮೊಮ್ಮಗನ ಫೋನಿನಿಂದ ಹೇಳಿಕಳಿಸಿದರು. ಮದುವೆ ಗಂಡಿನ ಮಾತು ಆಮೇಲೆ ಬಂದಿಲ್ಲ.

ಯೂಟ್ಯೂಬಿನ ಮೊದಲ ವಿಡಿಯೊದಲ್ಲಿ ಇರುವುದು ಆನೆ. ಏಪ್ರಿಲ್ 2005ರದು, ಮೃಗಾಲಯದ್ದು. ಬೆಕ್ಕು ಬರಲು ಒಂದು ತಿಂಗಳೂ ಹಿಡಿಯಲಿಲ್ಲ. ಸಂಸ್ಥಾಪಕರಲ್ಲೊಬ್ಬರಾದ ಸ್ಟೀವ್ ಚೆನ್ ಮೇ 22ರಂದು ತಮ್ಮ ಬೆಕ್ಕು ಪಜಾಮಾಸ್‌ನ ಆಟವನ್ನು ಏರಿಸಿದರು. ಆಮೇಲೆ ಜಪಾನಿನ ಮಾರು ಬಂದ. ಅವನ ಸಾಹಸವೆಲ್ಲ ರಟ್ಟಿನ ಡಬ್ಬಿಯೊಳಗೆ ನುಗ್ಗುವುದು, ಅಷ್ಟೆ. ಅತಿ ಹೆಚ್ಚು ವೀಕ್ಷಣೆ ಕಂಡ ಪ್ರಾಣಿಯೆಂದು ಗಿನ್ನೆಸ್ ದಾಖಲೆಗೂ ಸೇರಿದ. ಅವನನ್ನು ಯಾರೂ ಆಡಿಸುತ್ತಿರಲಿಲ್ಲ. ಡಬ್ಬಿ ಇಟ್ಟು, ಕ್ಯಾಮೆರಾ ಇಟ್ಟು ಸುಮ್ಮನಿರುತ್ತಿದ್ದರು. ತಿನ್ನುತ್ತಿರುವ ಬೆಕ್ಕಿನ ಬೆನ್ನ ಹಿಂದೆ ಸದ್ದಿಲ್ಲದೆ ಸೌತೆಕಾಯಿ ಇಟ್ಟು, ಅದು ಹೆದರಿ ಹಾರುವುದನ್ನು ಚಿತ್ರಿಸಿ ನಗುವವರೂ ಇದ್ದಾರೆ. ಕೈಗವಸು ತೊಡಿಸಿದ ವೆಲ್ಟನ್‌ನ ವಂಶ ಅದು.

ಮಗಳಿಗೆ ಆದರ್ಶ ನಾಲಾ. ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟ ಸ್ಕಾಟ್ಲೆಂಡಿನ ಡೀನ್ ನಿಕೊಲ್ಸನ್‌ಗೆ 2018ರ ಡಿಸೆಂಬರಿನಲ್ಲಿ, ಬೋಸ್ನಿಯಾ ಮತ್ತು ಮಾಂಟೆನೆಗ್ರೊ ಗಡಿಯ ಬೆಟ್ಟದ ರಸ್ತೆಯಲ್ಲಿ ಸಿಕ್ಕ ಮರಿ ಅದು. ಮುಂದೆ ಅವನ ಸೈಕಲ್ಲಿನಲ್ಲೇ ದೇಶ ದೇಶ ತಿರುಗಿತು. ಇದನ್ನು ನೋಡಿ ಮಗಳು ಕೆಂಚನಿಗೂ ಎದೆಪಟ್ಟಿ ತರಿಸಿ ಕಳಿಸಿದಳು, ಚಾಮುಂಡಿ ಬೆಟ್ಟಕ್ಕೆ ಕರೆದೊಯ್ಯಬೇಕಂತೆ. ಪಟ್ಟಿಯ ಬಕಲ್ ಬಿಗಿದದ್ದೇ ತಡ, ತೆಂಗಿನ ಮರದ ಅಳಿಲನ್ನೂ ಬಿಡದ ವೀರ ಮಗ್ಗುಲಾಗಿ ನೆಲಕ್ಕುರುಳಿ, ಕಾಲೆಲ್ಲ ಸೆಟೆಸಿಕೊಂಡು ಮಲಗಿಬಿಟ್ಟ. ಬಿಚ್ಚಿದೆ, ಎದ್ದು, ಮೈ ಕೊಡವಿ, ಗೋಡೆ ಹತ್ತಿ ಹೋದ. ಕೆಲವು ಬೆಕ್ಕುಗಳಿಗೆ ಪಟ್ಟಿ ಒಗ್ಗುತ್ತದೆ, ಬಹಳಷ್ಟಕ್ಕೆ ತಮ್ಮ ಮೇರೆಯೊಳಗೇ ಜಗತ್ತು. ಚಾಮುಂಡಿ ಬೆಟ್ಟ ಈಗಲೂ ಬಾಕಿ.

ನಮ್ಮಂಥವರು ಬೆಕ್ಕಿನ ವಿಡಿಯೊ ಏರಿಸಿದ್ದರಿಂದ ಕಂಪ್ಯೂಟರಿಗೂ ಉಪಕಾರವಾಗಿದೆ. 2012ರಲ್ಲಿ ಗೂಗಲ್‌ನವರು ಹದಿನಾರು ಸಾವಿರ ಪ್ರೊಸೆಸರುಗಳ ಜಾಲಕ್ಕೆ ಯೂಟ್ಯೂಬಿನ ಒಂದು ಕೋಟಿ ಚಿತ್ರಗಳನ್ನು ತೋರಿಸಿದಾಗ, ಬೆಕ್ಕೆಂದರೆ ಏನೆಂದು ಯಾರೂ ಹೇಳಿಕೊಡದೆಯೇ ಅದು ಬೆಕ್ಕಿನ ಮುಖ ಗುರುತಿಸಲು ಕಲಿಯಿತು. ಅದೇ ವರ್ಷ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಾಕರ್ ಕಲಾಕೇಂದ್ರದವರು ಬೆಕ್ಕಿನ ವಿಡಿಯೊಗಳ ಉತ್ಸವ ಮಾಡಿದರೆ, ಹುಲ್ಲಿನ ಮೇಲೆ ಕೂತು ನೋಡಲು ಹತ್ತು ಸಾವಿರ ಜನ ಸೇರಿದರು. ಮನೆಯಲ್ಲೇ ಪುಕ್ಕಟೆ ಸಿಗುವುದನ್ನು ನೋಡಲು! ಕಿಂಡಿಗೆ ಕಣ್ಣಿಟ್ಟು ಒಬ್ಬೊಬ್ಬರೇ ನೋಡಿ ಬೇಸತ್ತಿದ್ದರೇನೋ.

ಕೊನೆಗೊಂದು ಮಾತು, ಮಹಡಿ ಮನೆಗಳಲ್ಲಿ ಬೆಕ್ಕು ಸಾಕಿ ಚಿತ್ರ ತೆಗೆಯುವವರಿಗೆ. ಬೆಕ್ಕು ಹೇಗೆ ಬಿದ್ದರೂ ಕಾಲ ಮೇಲೆಯೇ ಎಂಬ ನಂಬಿಕೆಯಿಂದ ಬಾಲ್ಕನಿಯ ಕಂಬಿಯ ಮೇಲೆ ಅದನ್ನು ನಡೆಯಬಿಟ್ಟು ತೆಗೆದ ರೀಲ್‌ಗಳನ್ನು ನೋಡಿದ್ದೇನೆ. 1987ರಲ್ಲಿ ಪ್ರಕಟವಾದ ನ್ಯೂಯಾರ್ಕ್ ಪಶುವೈದ್ಯರ ಅಧ್ಯಯನವೊಂದರಲ್ಲಿ, ಮಹಡಿಯಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳಲ್ಲಿ ಚಿಕಿತ್ಸೆ ಪಡೆದವುಗಳ ಪೈಕಿ ಶೇ 90ರಷ್ಟು ಉಳಿದವು ಎಂದಿದೆ. ಎದೆಗೆ, ಮುಖಕ್ಕೆ ಏಟು ಬಿದ್ದವು ಬಹಳ. ಬಿದ್ದಲ್ಲೇ ಸತ್ತವನ್ನು ಯಾರೂ ಆಸ್ಪತ್ರೆಗೆ ಹೊತ್ತು ತರುವುದಿಲ್ಲ, ಹಾಗಾಗಿ ಅವು ಲೆಕ್ಕಕ್ಕೆ ಸೇರಿಲ್ಲ. ಬಾಲ್ಕನಿಗೆ ಬಲೆ ಹಾಕಿಸಿ. ಪಾರಿವಾಳಕ್ಕೆಂದು ಹಾಕುವ ತೆಳು ಬಲೆಯನ್ನು ಬೆಕ್ಕು ಕಚ್ಚಿ ಹರಿದೀತು, ಗಟ್ಟಿಯದನ್ನೇ ಕೇಳಿ. ವಿಡಿಯೊ ಆಮೇಲೆ ತೆಗೆಯಬಹುದು.