ಎರಿಮಣ್ಣಿನ ರೇಡಿಯೊ

ನಮ್ಮ ಕಾಕಾ ರೇಡಿಯೊದ ಬಿಡಿಭಾಗ ತರುತ್ತಿದ್ದ ಬಾಗಲಕೋಟೆಯ ಹಳೇ ಪೇಟೆಯ ಅಂಗಡಿ ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಜಲಾಶಯದಲ್ಲಿ ನೀರು ನಿಲ್ಲಿಸುವ ಮಟ್ಟ 519.6 ಮೀಟರ್. ಘಟಪ್ರಭೆಯ ದಂಡೆಯ ತಗ್ಗಿನ ಓಣಿಗಳು ಆ ಲೆಕ್ಕದೊಳಗೆ ಬಂದವು, ಜನ ಗಂಟುಮೂಟೆ ಕಟ್ಟಿಕೊಂಡು ನವನಗರಕ್ಕೆ ಹೋದರು. ಗೋಡೆ ಅಳೆದರು, ಕಟ್ಟೆ ಅಳೆದರು, ಪರಿಹಾರ ಬರೆದರು. ಆ ಅಂಗಡಿಯ ಗೋಡೆಗೆ ಹತ್ತಿಸಿದ ಸಾಲು ಸಾಲು ಸಣ್ಣ ಖಾನೆಗಳಲ್ಲಿ ಯಾವುದರೊಳಗೆ ಯಾವ ರೆಸಿಸ್ಟರ್ ಇದೆ ಎಂದು ತಿರುಗಿ ನೋಡದೆಯೇ ಕೈ ಹಾಕುತ್ತಿದ್ದ ಮಾಲೀಕರ ನೆನಪಿಗೆ ಮಾತ್ರ ಯಾವ ಅಳತೆಯೂ ಇರಲಿಲ್ಲ.

ನಮ್ಮೂರು ರಾಮಥಾಳದಿಂದ ಬಾಗಲಕೋಟೆಗೆ ಹೋಗುವುದೆಂದರೆ ಆಗ ಇಡೀ ದಿನದ ಕೆಲಸ. ಕಾಕಾ ಸಂತೆಯ ಕೆಲಸ ಇಟ್ಟುಕೊಂಡೇ ಹೋಗುತ್ತಿದ್ದ, ಆದರೆ ಸಂತೆ ನೆಪ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂಜೆ ಬರುವಾಗ ಅಂಗಿಯ ಕಿಸೆಯಲ್ಲಿ ಒಂದು ಪುಟ್ಟ ಕಾಗದದ ಪುಡಿಕೆ ಇರುತ್ತಿತ್ತು. ಅದನ್ನು ದೀಪದ ಹತ್ತಿರ ಬಿಚ್ಚುವಾಗ ನಾವು ಮಕ್ಕಳು ಉಸಿರು ಬಿಗಿಹಿಡಿದು ಕೂಡುತ್ತಿದ್ದೆವು. ಬೆಂಗಳೂರಿನ ಬಿಇಎಲ್ 1961ರಲ್ಲಿ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಬಿಡಿಭಾಗಗಳನ್ನೂ ಮಾಡತೊಡಗಿತ್ತು. ಅಲ್ಲಿಯ ಟ್ರಾನ್ಸಿಸ್ಟರ್ ಸಿಕ್ಕ ದಿನ ಕಾಕಾ ಅದನ್ನು ನನ್ನ ಅಂಗೈ ಮೇಲೆ ಇಟ್ಟು, "ನಮ್ಮ ರಾಜ್ಯದಾಗ ಮಾಡಿದ್ದು ನೋಡಪಾ ಇದು. ಮೂರು ಕಾಲು. ಯಾವ ಕಾಲು ಯಾವುದು ಅಂತ ಮೊದಲ ತಿಳ್ಕೊ, ಆಮ್ಯಾಲೆ ಮುಟ್ಟು" ಅಂದಿದ್ದ.

ಅವನು ಓದಿದ್ದು ಹುನಗುಂದದ ಹೈಸ್ಕೂಲಿನ ತನಕ. ಇಂಗ್ಲಿಷ್ ಅಷ್ಟಕ್ಕಷ್ಟೆ. ದಿಲ್ಲಿಯಿಂದ 1969ರಲ್ಲಿ ಶುರುವಾದ ಎಲೆಕ್ಟ್ರಾನಿಕ್ಸ್ ಫಾರ್ ಯು ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಅದೇ ಅಂಗಡಿಯವರಿಂದ ಕಡ ತಂದು, ಬರಹ ಬಿಟ್ಟು ಸರ್ಕಿಟ್ ಚಿತ್ರ ಮಾತ್ರ ಓದುತ್ತಿದ್ದ. ಓದುತ್ತಿದ್ದ ಎಂದೇ ಹೇಳಬೇಕು. ಏರಿಯಲ್ಲಿನಿಂದ ಬೆರಳಿಟ್ಟು, ಸುರುಳಿ ದಾಟಿ, ಡಯೋಡ್ ದಾಟಿ ಸ್ಪೀಕರಿನ ತನಕ ಬಂದನೆಂದರೆ ಆ ಯಂತ್ರ ಏನು ಮಾಡುತ್ತದೆ ಎಂಬುದು ಅವನಿಗೆ ಹೊಳೆದಿರುತ್ತಿತ್ತು. ಚಿತ್ರವನ್ನು ತನ್ನ ವಹಿಗೆ ಇಳಿಸಿಕೊಂಡು ಪತ್ರಿಕೆ ತಿರುಗಿ ಒಪ್ಪಿಸುತ್ತಿದ್ದ.

ನಮಗೆ ಮೊದಲು ಕಲಿಸಿದ್ದು ಕ್ರಿಸ್ಟಲ್ ರೇಡಿಯೊ. ಅದಕ್ಕೆ ಕರೆಂಟು ಬೇಡ, ಶೆಲ್ಲೂ ಬೇಡ. ಧಾರವಾಡ ಆಕಾಶವಾಣಿಯ ಟ್ರಾನ್ಸ್‌ಮಿಟರ್ ಗಾಳಿಗೆ ಚೆಲ್ಲಿದ ಶಕ್ತಿಯಲ್ಲಿ ಒಂದು ತುಣುಕು ನಮ್ಮ ತಂತಿಗೆ ಸಿಕ್ಕರೆ, ಅದೇ ಇಯರ್‌ಫೋನಿನ ಪರದೆಯನ್ನು ಅಲುಗಿಸಿ ಮಾತಾಗುತ್ತದೆ. 1950ರ ಜನವರಿ 8ರಿಂದ ಮಾತಾಡುತ್ತ ಬಂದ ಆ ನಿಲಯಕ್ಕೆ ನಮ್ಮ ಕಾಲದ ಹೊತ್ತಿಗೆ ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್ ಸ್ಥಾನ. ಎರಡು ಅಂಗುಲದ ರಟ್ಟಿನ ಕೊಳವೆಗೆ ಎನಾಮೆಲ್ ತಂತಿಯನ್ನು ಒಂದಕ್ಕೊಂದು ಆತು ಎಂಬತ್ತು ತೊಂಬತ್ತು ಸುತ್ತು ಸುತ್ತಬೇಕು, ಒಂದರ ಮೇಲೊಂದು ಹತ್ತಬಾರದು. ತಂತಿಯ ತುದಿಯ ಲೇಪನವನ್ನು ಬ್ಲೇಡಿನಿಂದ ಕೆರೆದು ತಾಮ್ರ ಮಿಂಚುವಂತೆ ಮಾಡಬೇಕು. ಡಯೋಡು ಜರ್ಮೇನಿಯಂದೇ ಆಗಬೇಕು, ಓಎ79 ಸಿಕ್ಕರೆ ಒಳ್ಳೆಯದು. ಸಿಲಿಕಾನ್ ಡಯೋಡು 0.6 ವೋಲ್ಟ್ ಹತ್ತಿರ ಬಂದ ಮೇಲೆಯೇ ದಾರಿ ಬಿಡುತ್ತದೆ, ಜರ್ಮೇನಿಯಂ 0.2–0.3ಕ್ಕೇ ಬಿಡುತ್ತದೆ. ಅಷ್ಟು ದೂರದಿಂದ ಬಂದ ಬಡ ಧ್ವನಿಗೆ ಆ ವ್ಯತ್ಯಾಸವೇ ಜೀವ.

ಬೆಸುಗೆಯ ಬಗ್ಗೆ ಕಾಕಾನ ಕಟ್ಟುನಿಟ್ಟು ಬೇರೆಯೇ. ಊರಿಗೆ ಕಲಾಯಿಯವರು ಬಂದಾಗ ನಾವು ಅವರ ಸುತ್ತ ಕುಳಿತು ತವರ ಕರಗುವುದನ್ನು ನೋಡುತ್ತಿದ್ದೆವು, ಒಂದು ಚೂರು ನವಸಾಗರ ಬೇಡಿ ತರುತ್ತಿದ್ದೆವು. ಪಾತ್ರೆಗೆ ನವಸಾಗರ ಸರಿ, ರೇಡಿಯೊಕ್ಕೆ ಕೂಡದು, ಅದು ಉಳಿದಲ್ಲಿ ಕಿಲುಬು ಹಿಡಿದು ತಂತಿಯನ್ನು ತಿಂದುಹಾಕುತ್ತದೆ ಎನ್ನುತ್ತಿದ್ದ. ರೇಡಿಯೊಕ್ಕೆ ರಾಳ. ಸೀಸ–ತವರದ ತಂತಿ ಕರಗಿ ಕೂತ ಬೆಸುಗೆ ಹೊಳೆಯಬೇಕು, ಮಬ್ಬಾಗಿದ್ದರೆ ಬಿಚ್ಚಿ ಮತ್ತೆ ಮಾಡು. ಇಳಕಲ್ಲಿನ ನೇಕಾರರ ಮನೆಯಿಂದ ಬರುತ್ತಿದ್ದ ಗೆಳೆಯನೊಬ್ಬನಿಗೆ ಈ ಕೆಲಸ ನಮ್ಮೆಲ್ಲರಿಗಿಂತ ಬೇಗ ಕೈಗೂಡಿತು. ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವುದನ್ನು ಅವನು ಹುಟ್ಟಿನಿಂದ ನೋಡಿದವನು. ಬೆಸುಗೆಯೂ ಅವನಿಗೆ ಇನ್ನೊಂದು ಕೊಂಡಿ. ರೆಸಿಸ್ಟರಿನ ಪಟ್ಟಿಗಳ ಬಣ್ಣವನ್ನೂ ಅವನೇ ಸರಿಯಾಗಿ ಹೇಳುತ್ತಿದ್ದ. ಮಬ್ಬು ದೀಪದಲ್ಲಿ ಕಂದು ಯಾವುದು, ಕೆಂಪು ಯಾವುದು ಎಂದು ನಾವು ತಡವರಿಸುವಾಗ ಅವನ ಕಣ್ಣು ತಪ್ಪುತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲೂ ರೇಡಿಯೊ ಮಾತಾಡಬೇಕಾದರೆ ಭೂಮಿ ಒಪ್ಪಬೇಕಿತ್ತು. ಮೇಲೆ ಬೇವಿನ ಮರಕ್ಕೆ ಏರಿಯಲ್, ಕೆಳಗೆ ಅರ್ಥ್. ನಮ್ಮದು ಎರಿ ಹೊಲದ ನಾಡು. ಮಳೆಗಾಲದಲ್ಲಿ ಕಾಲಿಟ್ಟರೆ ಮೊಣಕಾಲಿನ ತನಕ ಹಿಡಿಯುವ ಮಣ್ಣು ಬ್ಯಾಸಗಿಗೆ ತೋಳು ಇಳಿಯುವಷ್ಟು ಬಿರಿಯುತ್ತದೆ. ಹಸಿ ಎರಿಯಲ್ಲಿ ವಿದ್ಯುತ್ತು ಚೆನ್ನಾಗಿ ಹರಿಯುತ್ತದೆ, ಒಣಗಿ ಬಿರಿದ ಮೇಲೆ ಹೂತ ಲೋಹಕ್ಕೂ ಮಣ್ಣಿಗೂ ನಂಟೇ ಉಳಿಯುವುದಿಲ್ಲ. ಶ್ರಾವಣದಲ್ಲಿ ಸ್ಪಷ್ಟವಾಗಿ ಕೇಳಿದ ಧಾರವಾಡ ಯುಗಾದಿ ಹೊತ್ತಿಗೆ ಅಳಿಸಿಹೋಗುತ್ತಿತ್ತು. ಕಾಕಾ ಹಿತ್ತಲಲ್ಲಿ ತಗ್ಗು ತೋಡಿ, ತೂತು ಬಿದ್ದ ತಾಮ್ರದ ತಂಬಿಗೆಗೆ ತಂತಿ ಬೆಸೆದು ಹೂತು, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ, ಮೇಲೆ ನೀರು ಹೊಯ್ಯುತ್ತಿದ್ದ. ಅವ್ವನಿಗೆ ಸಿಟ್ಟು. "ಮಂದಿಗೆ ಕುಡಿಯಾಕ ನೀರಿಲ್ಲ, ನೀ ರೇಡಿಯೊಕ್ಕ ಕುಡಸಾಕತ್ತೀಯಲ್ಲೋ!" ಆಮೇಲೆ ಅವ್ವನೇ ಮುಸುರಿ ನೀರನ್ನು ಆ ತಗ್ಗಿಗೆ ಚೆಲ್ಲತೊಡಗಿದಳು. ಧಾರವಾಡದಿಂದ ಬರುವ ಹಾಡು ಅವಳಿಗೂ ಬೇಕಿತ್ತು.

1975ರ ಆಗಸ್ಟ್‌ನಲ್ಲಿ ಇನ್ನೊಂದು ಸೋಜಿಗ. ಉಪಗ್ರಹದಿಂದ ನೇರವಾಗಿ ಹಳ್ಳಿಗಳಿಗೆ ಟಿವಿ ತೋರಿಸುವ ಸೈಟ್ ಪ್ರಯೋಗಕ್ಕೆ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ನಮ್ಮ ಹುನಗುಂದ ಆಗ ಬಿಜಾಪುರ ಜಿಲ್ಲೆಯಲ್ಲಿತ್ತು. ಜಿಲ್ಲೆಯ ಒಂದು ಹಳ್ಳಿಗೆ ಹೋಗಿ ಟಿವಿ ನೋಡಿ ಬಂದ ಕಾಕಾ ಪರದೆಯ ಮೇಲೆ ಏನು ಬಂತೆಂದು ಹೇಳಲೇ ಇಲ್ಲ. ಆಂಟೆನಾದ ಸುದ್ದಿಯೇ ಸುದ್ದಿ. ಮೂರು ಮೀಟರ್ ಅಗಲದ ಬುಟ್ಟಿ, ಅದಕ್ಕೆ ಕೋಳಿಗೂಡಿಗೆ ಹಾಕುವ ಜಾಲರಿ! "ಜಾಲರಿ ಲೇ, ಬರೇ ಜಾಲರಿ! ಅಲೆಯ ಉದ್ದಕಿಂತ ತೂತು ಸಣ್ಣದಿದ್ರ ಸಾಕು, ಅದಕ್ಕ ಗ್ವಾಡಿನ ಕಂಡಂಗ." ಅಮೆರಿಕದ ಎಟಿಎಸ್–6 ಉಪಗ್ರಹವನ್ನು ನಮ್ಮ ಕಡೆ ಸರಿಸಿಟ್ಟದ್ದು ಒಂದೇ ವರ್ಷಕ್ಕೆ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಹೋಯಿತು. ಕಾಕಾ ಮಾತ್ರ ಎಷ್ಟೋ ವರ್ಷ ಆ ಜಾಲರಿಯ ಚಿತ್ರ ಬರೆಯುತ್ತಲೇ ಇದ್ದ.

ಎಂಬತ್ತರ ದಶಕದಲ್ಲಿ ಅವನ ಕೈ ಗಣಪತಿ ಹಬ್ಬದ ಓಡುವ ದೀಪಗಳಿಗೆ, 555 ಐಸಿಯ ಟೈಮರಿಗೆ, ಬಾಗಿಲ ಬೆಲ್ಲಿನೊಳಗೆ ಹಾಡುವ ಯುಎಂ66ಕ್ಕೆ ಹೊರಳಿತು. ಆಮೇಲೆ ಬಂದ ಸಾಮಾನುಗಳಿಗೆ ಸ್ಕ್ರೂ ಕಡಿಮೆ, ಅಂಟು ಜಾಸ್ತಿ. ಬಿಚ್ಚಿದರೆ ಒಡೆಯುತ್ತವೆ, ರಿಪೇರಿಗಿಂತ ಹೊಸದು ಅಗ್ಗ. ಊರಿನ ಜನ ಕೆಟ್ಟದ್ದನ್ನು ಕಾಕಾನ ಕಟ್ಟೆಗೆ ತರುವುದು ನಿಂತಿತು. ಅವನು ತೀರಿಕೊಂಡ ವರ್ಷ ಆ ಕಟ್ಟೆಯ ಮೇಲೆ ಕೆಟ್ಟ ರೇಡಿಯೊ ಒಂದೂ ಇರಲಿಲ್ಲ. ಸರ್ಕಿಟ್ ಬಲ್ಲವನ ಕಟ್ಟೆಗೆ ಅದಕ್ಕಿಂತ ದೊಡ್ಡ ಬರಗಾಲವಿಲ್ಲ.

ಈಗ ರಾಮಥಾಳದ ಹೆಸರು ದೂರದವರಿಗೂ ಗೊತ್ತು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಸುಮಾರು 24,000 ಹೆಕ್ಟೇರಿಗೆ ಹನಿ ಹನಿಯಾಗಿ ಕೊಡಲು ಹಾಕಿಕೊಂಡ ರಾಮಥಾಳ–ಮರೋಳ ಯೋಜನೆಯಿಂದ. ಆ ಕೊಳವೆ, ವಾಲ್ವುಗಳನ್ನು ಕಾಕಾ ನೋಡಲಿಲ್ಲ. ನೋಡಿದ್ದರೆ ಮೊದಲು ಕಂಟ್ರೋಲ್ ಪೆಟ್ಟಿಗೆಯ ಬಾಗಿಲು ತೆರೆದು ತೋರಿಸಿರೆಂದು ದುಂಬಾಲು ಬೀಳುತ್ತಿದ್ದ.

ತಮ್ಮನ ಮಗಳು ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಾಳೆ. ಇತ್ತೀಚೆಗೆ ಆರ್ಡುಯಿನೊ ಬೋರ್ಡ್ ಕೊಂಡು, ಹೊಲದ ತೇವ ಅಳೆಯುವ ಯಂತ್ರ ಕಟ್ಟುತ್ತಿದ್ದಾಳೆ. ಮಣ್ಣಿಗೆ ಎರಡು ಸರಳು ಚುಚ್ಚಿ ನಡುವೆ ಎಷ್ಟು ವಿದ್ಯುತ್ತು ಹರಿಯುತ್ತದೆ ಎಂದು ನೋಡುವುದು. "ದೊಡ್ಡಪ್ಪಾ, ಕಪ್ಪು ಮಣ್ಣು ಬಿರಿದ್ರ ರೀಡಿಂಗ್ ಒಮ್ಮೆಲೇ ಬಿದ್ದು ಹೋಗತೈತ್ರಿ, ಯಾವ ತಿಂಗಳಾಗ ಎಷ್ಟು ಅಂತ ಯಾರರೆ ಬರೆದಿಟ್ಟಾರೇನ್ರಿ?" ಎಂದು ಫೋನಿನಲ್ಲಿ ಕೇಳಿದಳು.

ಬರೆದಿಟ್ಟಿದ್ದ. ಕಾಕಾನ ವಹಿಯಲ್ಲಿ ಪ್ರತಿ ಸರ್ಕಿಟ್ಟಿನ ಬದಿಗೆ ಪೆನ್ಸಿಲಿನ ಸಣ್ಣ ಅಕ್ಷರಗಳು: ಯಾವ ಮಳೆ, ಅರ್ಥ್ ತಗ್ಗಿಗೆ ಎಷ್ಟು ಕೊಡ ನೀರು, ಧಾರವಾಡ ಎಷ್ಟು ಕೇಳಿತು. ರೋಹಿಣಿಯಿಂದ ಸ್ವಾತಿಯ ತನಕ, ವರ್ಷಗಟ್ಟಲೆ. ಹಳೆಯ ಮನೆ ಕೆಡವುವಾಗ ಆ ವಹಿ ಯಾವ ಗಂಟಿನಲ್ಲಿ ಹೋಯಿತೋ, ಮನೆಯವರೆಲ್ಲ ಹುಡುಕಿದರೂ ಸಿಗಲಿಲ್ಲ. ಅದರೊಳಗಿನ ಸರ್ಕಿಟ್ಟುಗಳು ಬೇರೆ ಪುಸ್ತಕಗಳಲ್ಲಿ ಅವಳಿಗೆ ಸಿಗುತ್ತವೆ. ಬದಿಯಲ್ಲಿ ಬರೆದದ್ದು ಅದೊಂದರಲ್ಲೇ ಇತ್ತು.