ಹಗ್ಗಕ್ಕೆ ಹಾಕಿದ ಗಂಟುಗಳು

ಯಡ್ತರೆ ಜಂಕ್ಷನ್ನಿನಿಂದ ಕೊಲ್ಲೂರು ರಸ್ತೆ ಹಿಡಿದು ಸ್ವಲ್ಪ ಒಳಗೆ ಬಂದರೆ ನಮ್ಮ ಬೈಲು. ಬೈಲಿನ ತಲೆಯಲ್ಲಿ, ಗುಡ್ಡೆಯ ಬುಡಕ್ಕೆ ಅಂಟಿಕೊಂಡು ಮುಕ್ಕಾಲು ಎಕರೆ ಜೌಗು ಇದೆ. ನಮ್ಮದೇ ಪಟ್ಟಾ ಜಾಗ. ಮನೆಯವರು ಅದನ್ನು ಒರತೆಗದ್ದೆ ಎನ್ನುತ್ತೇವೆ. ಗದ್ದೆ ಎಂಬುದು ಬಾಯಿಮಾತು, ಅಲ್ಲಿ ಸಸಿ ನೆಟ್ಟದ್ದನ್ನು ನಾನು ಕಂಡಿಲ್ಲ. ಎತ್ತು ಇಳಿಸಿದರೆ ಹೊಟ್ಟೆಯವರೆಗೆ ಹೂತುಹೋಗುತ್ತದೆ ಎಂದು ಅಪ್ಪಯ್ಯ ಹೆದರಿಸುತ್ತಿದ್ದರು. ಮುಂಡುಗದ ಪೊದೆ, ಬಿಳಿ ನೈದಿಲೆ, ಹುಂಡುಕೋಳಿ, ಮೊದಲ ಮಳೆಗೆ ಮುಗುಡು ಮೀನು. ಅಲ್ಲಿಂದ ಹೊರಡುವ ಸಣ್ಣ ತೋಡಿನ ನೀರಿನಲ್ಲಿ ಕೆಳಗಿನ ಆರು ಮನೆಯವರು ಸುಗ್ಗಿ ಮುಗಿಸಿ ಕೊಳ್ಕೆಯನ್ನೂ, ಅಂದರೆ ಬೇಸಗೆಯ ಭತ್ತವನ್ನೂ, ಬೆಳೆಯುತ್ತಿದ್ದರು.

ಐದು ವರ್ಷದ ಹಿಂದೆ, ದೀಪಾವಳಿ ಕಳೆದ ವಾರ, ಮೇಲಿನ ಗುಡ್ಡೆಯಲ್ಲಿ ಕಲ್ಲು ಕೊರೆಯುವ ಮಿಷನ್ ಕೂಗತೊಡಗಿತು. ಆ ಜಾಗ ಬೇರೆಯವರದು. ಬಟ್ಟೆಯ ಮೇಲೆಲ್ಲ ಕೆಂಪು ಧೂಳು ಕೂರುತ್ತದೆ ಎಂದು ಹೆಂಡತಿ ಗೊಣಗಿದಳು. ನಾನು ಅಷ್ಟಕ್ಕೇ ಬಿಟ್ಟೆ. ಮನೆ ಕಟ್ಟುವಾಗ ನಾನೂ ಇಂಥದ್ದೇ ಕೋರೆಯಿಂದ ಮುರಕಲ್ಲು ತರಿಸಿದವನು.

ಮುರಕಲ್ಲಿನ ಗುಣ ಕರಾವಳಿಯವರಿಗೆ ಗೊತ್ತು. ಮೈಯೆಲ್ಲ ತೂತು. ಮಳೆನೀರು ಅದರೊಳಗೆ ಇಳಿಯುತ್ತದೆ, ಅಡಿಯ ಶೇಡಿಮಣ್ಣು ಅದನ್ನು ಕೆಳಗೆ ಬಿಡುವುದಿಲ್ಲ. ಹಾಗಾಗಿ ನೀರು ಶೇಡಿಯ ಮೇಲೆಯೇ ಅಡ್ಡಕ್ಕೆ ಸರಿದು, ತಿಂಗಳುಗಟ್ಟಲೆ ನಿಧಾನವಾಗಿ ಗುಡ್ಡೆಯ ಬುಡದಲ್ಲಿ ಒಸರುತ್ತದೆ. ಕೋರೆಯವರು ಕಲ್ಲು ಮುಗಿದು ಶೇಡಿ ಕಾಣುವವರೆಗೆ ತೆಗೆದರು. ನೀರು ಹಿಡಿದಿಡುತ್ತಿದ್ದ ಭಾಗವೇ ಲಾರಿ ಹತ್ತಿ ಹೋಯಿತು.

ಮೊದಲು ಬಂದದ್ದು ಬರ ಅಲ್ಲ, ಕೆಸರು. ಮಳೆಗಾಲದಲ್ಲಿ ಸುಣ್ಣ ಕದಡಿದಂಥ ಶೇಡಿನೀರು ಇಳಿದು ಬಂತು. ಆಸಾಡಿ ಮುಗಿಯುವುದರೊಳಗೆ ನೈದಿಲೆಯ ಮೇಲೆ ಒಂದು ಗೇಣು ಮಣ್ಣು. ಮುಂದಿನ ಮಾರ್ಚಿನಲ್ಲಿ ತೋಡು ನಿಂತಿತು. ನಮ್ಮ ಬಾವಿಗೆ ಬಿಟ್ಟ ಕೊಡಪಾನ ಕಲ್ಲಿಗೆ ತಾಗಿದ ಸದ್ದು ಆ ವರ್ಷವೇ ನಾನು ಮೊದಲು ಕೇಳಿದ್ದು.

ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆ.

“ನಿಮ್ಮ ಗಡಿಯೊಳಗೆ ಬಂದಿದ್ದಾರಾ?”

“ಇಲ್ಲ ಸರ್.”

“ಮತ್ತೆ?”

ಆ ‘ಮತ್ತೆ’ಗೆ ಉತ್ತರ ಹುಡುಕುವುದರಲ್ಲಿ ಮೂರು ವರ್ಷ ಹೋಯಿತು. ಕುಂದಾಪುರದ ವಕೀಲರು 1882ರ ಈಸ್‌ಮೆಂಟ್ ಕಾಯ್ದೆಯ ಏಳನೇ ಕಲಂ ಓದಿ ಹೇಳಿದರು: ಗೊತ್ತಾದ ಹರಿವಿನ ದಾರಿ ಇಲ್ಲದೆ ನೆಲದಡಿ ಇರುವ ನೀರನ್ನು ಆ ಜಾಗದ ಒಡೆಯ ತನ್ನ ಮಿತಿಯೊಳಗೆ ತನಗೆ ಬೇಕಾದಂತೆ ಬಳಸಬಹುದು. ಜೌಗುಪ್ರದೇಶ ಎಂದು ವಾದಿಸೋಣವೆಂದರೆ 2017ರ ನಿಯಮ ಭತ್ತದ ಗದ್ದೆಗಳನ್ನು ಹೊರಗಿಟ್ಟಿದೆ. ಪಹಣಿಯಲ್ಲಿ ನಮ್ಮ ಜೌಗು ಇರುವುದು ತರಿ ಜಮೀನು ಎಂದು. ಹಿರಿಯರು ‘ಗದ್ದೆ’ ಎಂದು ಕರೆದದ್ದೂ, ಬರೆಸಿದ್ದೂ ನಮಗೇ ತಿರುಗಿ ಬಿತ್ತು. “ಒರತೆ ಬಿಡಿ, ತೋಡನ್ನು ಹಿಡಿಯಿರಿ” ಎಂದರು ವಕೀಲರು. ಸಹಜವಾಗಿ ಹರಿಯುವ ತೋಡಿನ ನೀರಿನ ಮೇಲೆ ಕೆಳಗಿನವರಿಗೂ ಹಕ್ಕಿದೆ, ಅದೂ ಅದೇ ಕಲಮಿನಲ್ಲಿದೆ.

ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಕೋರೆಯ ನಕ್ಷೆ ಬಂತು. ಅದರಲ್ಲಿ ತೋಡೇ ಇರಲಿಲ್ಲ. ಐದು ಹೆಕ್ಟೇರಿಗಿಂತ ಸಣ್ಣ ಕೋರೆಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದ್ದು ನನಗೆ ತಿಳಿದದ್ದೂ ಆಗಲೇ. ಅದನ್ನೂ ದೂರಿನ ಅರ್ಜಿಯಲ್ಲಿ ಸೇರಿಸಿದೆ.

ಕಚೇರಿಗಿಂತ ಊರೇ ಕಷ್ಟವಾಯಿತು. ಸಹಿಗೆಂದು ಕೆಳಮನೆಗೆ ಹೋದರೆ ಅಕ್ಕ ಬಾಗಿಲಲ್ಲೇ ನಿಂತು, “ನಮ್ ಮಾಣಿ ಗಾಡಿ ಓಡ್ಸುದ್ ಅಲ್ಲೇ ಅಲ್ದಾ. ನಂಗ್ ಸೈನ್ ಹಾಕುಕ್ ಆತಿಲ್ಲ” ಎಂದರು. ಅವರ ಗದ್ದೆಯೂ ಒಣಗಿತ್ತು. ಒಂದು ದಿನ ಕೋರೆಯವನು ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಕೇಳಿದ: “ಹ್ವಾಯ್, ನಿಮ್ ಮನಿ ಎಂತದ್ರಗ್ ಕಟ್ಟದ್ದ್?” ಉತ್ತರ ಕೊಡದೆ ಮನೆಗೆ ಬಂದೆ. ಇವತ್ತಿಗೂ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ಅಧಿಕಾರಿಗಳು ಪರಿಶೀಲನೆಗೆ ಬಂದದ್ದು ಆಗಸ್ಟಿನಲ್ಲಿ! ಬೈಲು ಇಡೀ ಕೆರೆಯಾಗಿತ್ತು. “ನೀರು ಬೇಕಾದಷ್ಟು ಉಂಟಲ್ಲ” ಎಂದು ಬರೆದುಕೊಂಡು ಹೋದರು. ಮೊದಲು ಎಷ್ಟಿತ್ತು ಎಂದು ಹೇಳಲು ನನ್ನಲ್ಲಿ ಒಂದು ಚೀಟಿಯೂ ಇರಲಿಲ್ಲ. ಅಪ್ಪಯ್ಯನ ನೆನಪು ಫೈಲಿಗೆ ಸೇರುವುದಿಲ್ಲ. ಮರುದಿನವೇ ತೆಂಗಿನ ನಾರಿನ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ ಬಾವಿಗೆ ಬಿಟ್ಟೆ. ಪ್ರತಿ ಶನಿವಾರ ಕಟ್ಟೆಯಿಂದ ನೀರಿಗೆ ಎಷ್ಟು ಗಂಟು ಎಂದು ಎಣಿಸಿ ಕ್ಯಾಲೆಂಡರಿನಲ್ಲಿ ಬರೆದೆ. ಕೆಳಗಿನ ಗದ್ದೆಗಳ ಹಳೆಯ ಪಹಣಿ ತೆಗೆಸಿದೆ. ಬೆಳೆ ಕಾಲಮಿನಲ್ಲಿ ವರ್ಷ ವರ್ಷವೂ ಬೇಸಗೆಯ ಭತ್ತ ದಾಖಲಾಗಿತ್ತು. ನೀರಿಲ್ಲದ ಜಾಗದಲ್ಲಿ ಬೇಸಗೆಯ ಭತ್ತ ಎಲ್ಲಿಂದ? ಇಷ್ಟು ದಿನ ನಮಗೆ ಎದುರಾಗಿದ್ದ ಪಹಣಿಯೇ ಕೊನೆಗೆ ಸಾಕ್ಷಿ ಹೇಳಿತು.

ಎರಡನೇ ಸಲ ಏಪ್ರಿಲಿನಲ್ಲಿ ಬಂದರು. ಒಣಗಿದ ತೋಡಿನಲ್ಲಿ ನಡೆದು ನೋಡಿದರು. ವರದಿಯಲ್ಲಿ ‘ಸಹಜ ತೋಡು’ ಎಂಬ ಎರಡು ಶಬ್ದ ಬಂತು. ನಮ್ಮ ಮಗ್ಗುಲಿನ ಕೆಲಸ ನಿಂತಿತು. ಗೆದ್ದೆ ಎನ್ನಲಾರೆ, ಅಷ್ಟರಲ್ಲಿ ಆ ಮಗ್ಗುಲಿನ ಕಲ್ಲು ಬಹುಪಾಲು ಹೋಗಿಯಾಗಿತ್ತು. ಶೇಡಿ ತಡೆಯಲು ಗಡಿಯಲ್ಲಿ ನಾವೇ ಹೊಂಡ ತೋಡಿದೆವು, ಪ್ರತಿ ವರ್ಷ ಹೂಳು ಎತ್ತುತ್ತೇವೆ. ನೈದಿಲೆ ಒಂದು ಮೂಲೆಯಲ್ಲಿ ಮತ್ತೆ ಎದ್ದಿದೆ. ಕೊಳ್ಕೆ ಮಾತ್ರ ಯಾರೂ ಬೆಳೆಯುತ್ತಿಲ್ಲ.

ಲೆಕ್ಕ ಶುರುಮಾಡಿದ ಮೇಲಿನ ಮೊದಲ ಏಪ್ರಿಲ್ ಕೊನೆಗೆ ನೀರು ಹದಿನಾರನೇ ಗಂಟಿನಲ್ಲಿತ್ತು. ಈ ಏಪ್ರಿಲಿನಲ್ಲಿ ಹದಿನಾಲ್ಕು. ಕೋರೆಗೆ ಮೊದಲು ಎಷ್ಟಿತ್ತೆಂದು ಹೇಳಲು ನನಗೆ ಈಗಲೂ ಆಗುವುದಿಲ್ಲ. ಮುರಕಲ್ಲಿನ ಗುಡ್ಡೆಯ ಕೆಳಗೆ ಬಾವಿ ಇರುವವರು, ಮೇಲೆ ಇನ್ನೂ ಮಿಷನ್ ಬಂದಿಲ್ಲವಾದರೆ, ಈ ಶನಿವಾರವೇ ಒಂದು ಹಗ್ಗಕ್ಕೆ ಗಂಟು ಹಾಕಿ. ತಾರೀಕು ಬರೆಯುವುದನ್ನು ಮರೆಯಬೇಡಿ.